ಮೆತ್ತನೆಯ ಶೂ, ಅಗಲ ಪಾದ

ಓಟದ ಶೂಗಳ ಬೆಲೆಯನ್ನು ಕೊಬ್ಬರಿಯ ಲೆಕ್ಕದಲ್ಲಿ ನೋಡುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಸಹಜ. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಅಷ್ಟೂ ದೊರೆಯದೆ ರೈತರು ಬೀದಿಗಿಳಿದರು. 2025ರಲ್ಲಿ ಧಾರಣೆ ಬೆಂಬಲ ಬೆಲೆಯನ್ನು ಬಹಳ ಹಿಂದೆ ಹಾಕಿತು ಎಂಬುದು ಬೇರೆ ಮಾತು. ಬೆಂಬಲ ಬೆಲೆಯ ಲೆಕ್ಕದಲ್ಲೇ ಹೇಳುವುದಾದರೆ, ಕಾರ್ಬನ್ ಪಟ್ಟಿ ಅಡಗಿಸಿಕೊಂಡ ದಪ್ಪ ಮೆತ್ತೆಯ ಒಂದು ಜೋಡಿ ಶೂಗೆ ಒಂದು ಕ್ವಿಂಟಲ್ ಉಂಡೆ ಕೊಬ್ಬರಿ ಸಾಲದು. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾದು, ಅಲ್ಲಾಡಿಸಿ ಸದ್ದು ಕೇಳಿ, ಸುಲಿದು, ಒಡೆದು ತೆಗೆದ ಕೊಬ್ಬರಿ ಅದು. ಶೂ ಮಾತ್ರ ಕೆಲವು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ತನ್ನ ಪುಟಿತ ಕಳೆದುಕೊಳ್ಳುತ್ತದೆ.

ಇಷ್ಟಕ್ಕೂ ಈ ಶೂಗಳು ಮಾಡುವುದೇನು? 2017ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು, ನೈಕಿ ಕಂಪನಿಯ ನೆರವಿನಿಂದಲೇ ನಡೆದ ಅಧ್ಯಯನದಲ್ಲಿ, ಹೊಸ ಬಗೆಯ ಶೂ ಓಟಗಾರನ ಶಕ್ತಿವ್ಯಯವನ್ನು ಸರಾಸರಿ ಶೇ 4ರಷ್ಟು ತಗ್ಗಿಸುತ್ತದೆ ಎಂದು ತೋರಿಸಿದರು. ಹಗುರವಾದ, ಒತ್ತಿದಷ್ಟೇ ರಭಸದಿಂದ ಪುಟಿಯುವ ನೊರೆಯಂಥ ಅಟ್ಟೆ ಅದರ ಗುಟ್ಟು. 2019ರ ಅಕ್ಟೋಬರ್ 12ರಂದು ಕೀನ್ಯಾದ ಎಲಿಯುಡ್ ಕಿಪ್ಚೋಗೆ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಓಡಿದಾಗ ಅವರ ಕಾಲಲ್ಲಿದ್ದುದು ಅಂಥದೇ ಶೂ. ಮೂರೇ ತಿಂಗಳಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂಗಳ ಅಟ್ಟೆ 40 ಮಿಲಿಮೀಟರ್ ಮೀರಕೂಡದು, ಒಳಗೆ ಒಂದಕ್ಕಿಂತ ಹೆಚ್ಚು ಪಟ್ಟಿ ಇರಕೂಡದು ಎಂದು ಕಟ್ಟುಪಾಡು ವಿಧಿಸಬೇಕಾಯಿತು.

ಜಾಹೀರಾತುಗಳು ಹೇಳದ ಸಂಗತಿಯೊಂದಿದೆ. ಆ ಶೇ 4 ದೊರೆತದ್ದು ಗಂಟೆಗೆ 14ರಿಂದ 18 ಕಿಲೋಮೀಟರ್ ವೇಗದಲ್ಲಿ ಓಡುವವರಿಗೆ. ಬೆಳಗಿನ ಹೊತ್ತು ಗಂಟೆಗೆ ಹತ್ತೋ ಹನ್ನೆರಡೋ ಕಿಲೋಮೀಟರ್ ಓಡುವ ನಮ್ಮಂಥವರ ಲಾಭ ಶೇ 1ರ ಆಸುಪಾಸಿನದು ಎಂದು ನಂತರದ ಅಧ್ಯಯನವೊಂದು ತೋರಿಸಿತು. ಅಷ್ಟನ್ನು ರಾತ್ರಿ ಒಂದು ತುತ್ತು ಕಡಿಮೆ ಉಂಡೂ ಪಡೆಯಬಹುದು.

ಅಂಥದೊಂದು ಹೊಸ ಜೋಡಿಯನ್ನು ಈಚೆಗೆ ಎರಡು ವಾರ ಹಂದನಕೆರೆಯ ಸುತ್ತ ಓಡಿ ನೋಡಿದೆ. ಡಾಂಬರು ರಸ್ತೆಯ ಮೇಲೆ ಅದರ ಸುಖವನ್ನು ಅಲ್ಲಗಳೆಯುವಂತಿಲ್ಲ. ಹಿಮ್ಮಡಿ ಇಳಿದದ್ದೇ ತಿಳಿಯದು. ಓಟ ಮುಗಿದ ಮೇಲೆ ಮೊಣಕಾಲು ದೂರು ಹೇಳುವುದಿಲ್ಲ. ರಸ್ತೆ ಬಿಟ್ಟು ತೋಟಗಳ ನಡುವಿನ ಗಾಡಿಜಾಡಿಗೆ ಇಳಿದರೆ ಕಥೆಯೇ ಬೇರೆ. ಎತ್ತರದ ಮೆತ್ತನೆಯ ಅಟ್ಟೆ ಸಮತಟ್ಟು ನೆಲವನ್ನು ನಂಬಿ ಹುಟ್ಟಿದ್ದು. ಒಣಗಿದ ಚಕ್ರದ ಗುರುತು, ಬಿದ್ದ ತೆಂಗಿನ ಮಟ್ಟೆ, ಗರಿಯ ಬುಡ ಇವುಗಳ ಮೇಲೆ ಅದು ಓರೆಯಾಗಿ ವಾಲುತ್ತದೆ. ಕಾಲು ಉಳುಕದಂತೆ ನೋಡಿಕೊಳ್ಳುವುದರಲ್ಲೇ ಉಳಿತಾಯವಾದ ಶಕ್ತಿ ಖರ್ಚಾಗುತ್ತದೆ. ಅಟ್ಟೆಯ ಸೀಳುಗಳಲ್ಲಿ ಜಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಲಿಮುಳ್ಳು ಸಲೀಸಾಗಿ ನಾಟಿಕೊಂಡಿತಾದರೂ ಪಾದದವರೆಗೆ ಬರಲಿಲ್ಲ, ಅಷ್ಟು ದಪ್ಪಕ್ಕೆ ಅದೊಂದು ಸಾರ್ಥಕತೆ. ತೋಟದಲ್ಲಿ ಕಾಯಿ ಆಯುತ್ತಿದ್ದ ಹಿರಿಯರೊಬ್ಬರು ಬೂಟನ್ನು ಎವೆಯಿಕ್ಕದೆ ನೋಡಿ, ‘ಏನ್ ಸ್ವಾಮಿ, ದಿಂಬು ಕಟ್ಕೊಂಡ್ ಓಡ್ತಿದ್ದೀರಲ್ಲ’ ಎಂದರು. ಎಪ್ಪತ್ತು–ಎಂಬತ್ತು ಅಡಿ ಮೇಲಿನಿಂದ ಬೀಳುವ ಕಾಯಿಯನ್ನು ಒಡೆಯದಂತೆ ಕಾಯುವ ನಾರಿನ ಮೆತ್ತೆಯನ್ನು ನಿತ್ಯ ಸುಲಿಯುವವರಿಗೆ ಆ ವಿದ್ಯೆಯಲ್ಲಿ ಹೊಸತೇನೂ ಕಾಣದಿದ್ದರೆ ಆಶ್ಚರ್ಯವಿಲ್ಲ.

ನಿಜವಾದ ತೊಂದರೆ ಮಾತ್ರ ಅಟ್ಟೆಯದಲ್ಲ, ಅಗಲದ್ದು. ಮೂರನೆಯ ಕಿಲೋಮೀಟರಿಗೆ ಕಿರುಬೆರಳು ಉಜ್ಜತೊಡಗಿತು. ಒಂದು ಅಳತೆ ದೊಡ್ಡದು ತೊಟ್ಟರೆ ಬೆರಳಿಗೆ ಜಾಗ ಸಿಕ್ಕಿ ಹಿಮ್ಮಡಿ ಸಡಿಲವಾಗುತ್ತದೆ. ಇದು ಒಬ್ಬಿಬ್ಬರ ಪಾದದ ದೋಷವಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು ಕಂಡುಕೊಂಡದ್ದು ಇದನ್ನೇ: ಐರೋಪ್ಯರಿಗಿಂತ ಭಾರತೀಯರ ಪಾದ ಅಗಲ. ಆದರೂ ನಾವು ಇಂದಿಗೂ ತೊಡುತ್ತಿರುವುದು ಬ್ರಿಟಿಷ್, ಐರೋಪ್ಯ, ಅಮೆರಿಕನ್ ಅಳತೆಗಳನ್ನೇ. ಆ ಸಮೀಕ್ಷೆಯ ಆಧಾರದ ಮೇಲೆ ‘ಭಾ’ ಎಂಬ ದೇಶೀ ಅಳತೆಯ ಪ್ರಸ್ತಾವವೂ ಸಿದ್ಧವಾಯಿತು. ಅಂಗಡಿಯಲ್ಲಿ ‘ಭಾ ಏಳು ಕೊಡಿ’ ಎಂದು ಕೇಳುವ ದಿನಕ್ಕೆ ಕಾಯಬೇಕು.

ಪಾದಕ್ಕೂ ಪಾದರಕ್ಷೆಗೂ ಇರುವ ನಂಟನ್ನು ಕನ್ನಡ ನಾಡಿನಲ್ಲೇ ಬಹಳ ಹಿಂದೆ ಪರಿಶೀಲಿಸಲಾಗಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆ ವೈದ್ಯರಾದ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್, 4ರಿಂದ 13 ವರ್ಷದೊಳಗಿನ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಅಭ್ಯಸಿಸಿ 1992ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಪಾದರಕ್ಷೆಯ ಬಗ್ಗೆ ಬರೆಯುವ ವಿದೇಶೀಯರು ಇಂದಿಗೂ ಉಲ್ಲೇಖಿಸುತ್ತಾರೆ. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದದ ಪ್ರಮಾಣ ಶೇ 8.6; ಬರಿಗಾಲಿನ ಮಕ್ಕಳಲ್ಲಿ ಶೇ 2.8. ಬೆರಳು ಮುಚ್ಚಿದ ಶೂ ತೊಟ್ಟವರಲ್ಲಿ ಅದು ಅತಿ ಹೆಚ್ಚು. ಚಪ್ಪಲಿ, ಸ್ಯಾಂಡಲ್‌ನವರಲ್ಲಿ ಅದಕ್ಕಿಂತ ಕಡಿಮೆ. ಎಳವೆಯಲ್ಲಿ ಶೂ ತೊಡಿಸುವುದು ಪಾದದ ಕಮಾನಿನ ಬೆಳವಣಿಗೆಗೆ ಒಳ್ಳೆಯದಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ಹಾಗೆಂದು ಬರಿಗಾಲೇ ಭಾಗ್ಯವೆಂದು ಹಾಡುವುದು ಪೇಟೆಯಲ್ಲಿ ಕುಳಿತವರ ವಿಲಾಸ. 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲಾರನ್ನು ಎಲ್ಲರೂ ನೆನೆಯುತ್ತಾರೆ. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಶೂ ತೊಟ್ಟು ಇನ್ನೂ ವೇಗವಾಗಿ ಓಡಿ ಮತ್ತೆ ಗೆದ್ದದ್ದನ್ನು ನೆನೆಯುವವರು ಕಡಿಮೆ. ನೆಗ್ಗಿಲು ಮುಳ್ಳು, ಗಾಜಿನ ಚೂರು, ಅಂಗಾಲಿನಿಂದ ಒಳಹೊಗುವ ಕೊಕ್ಕೆಹುಳು ಇವೆಲ್ಲ ಹಳ್ಳಿಯ ನಿಜಗಳು. ಮೆತ್ತೆಯನ್ನೂ ಸಾರಾಸಗಟಾಗಿ ತಿರಸ್ಕರಿಸುವಂತಿಲ್ಲ. ಲಕ್ಸೆಂಬರ್ಗ್‌ನಲ್ಲಿ 848 ಓಟಗಾರರನ್ನು ಆರು ತಿಂಗಳು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಟ್ಟಿ ಅಟ್ಟೆಯ ಶೂ ತೊಟ್ಟವರು ಮೆತ್ತನೆಯದನ್ನು ತೊಟ್ಟವರಿಗಿಂತ ಹೆಚ್ಚು ಗಾಯಗೊಂಡರು. ಸಾಧಾರಣ ಮಟ್ಟದ ಮೆತ್ತೆ ಬೇಕು. ಆದರೆ ಅದಕ್ಕೆ ಕಾರ್ಬನ್ ಪಟ್ಟಿಯೂ ಬೇಡ, ಒಂದು ಕ್ವಿಂಟಲ್ ಕೊಬ್ಬರಿಯೂ ಬೇಡ.

ಅದು ಯಾರಿಗೆ ಬೇಕು ಎಂಬುದನ್ನು ತಿಳಿಯಲು ಬೆಂಗಳೂರಿನ ಉದ್ಯಾನಗಳಿಗೆ ಹೋಗಬೇಕಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ ಸೇನೆಗೋ ಸೇರಲು 1,600 ಮೀಟರ್ ಓಟದ ಪರೀಕ್ಷೆ ದಾಟಬೇಕಾದ ಹುಡುಗರು ನಸುಕಿನಲ್ಲೇ ಎದ್ದು ಹಳ್ಳಿಯ ರಸ್ತೆಗಳಲ್ಲಿ ಓಡುತ್ತಾರೆ. ಅವರ ಪೈಕಿ ಎಷ್ಟೋ ಮಂದಿಯ ಕಾಲಲ್ಲಿರುವುದು ಸಂತೆಯಲ್ಲಿ ಕೊಂಡ, ಹೆಸರಾಂತ ಕಂಪನಿಯ ಗುರುತನ್ನು ಅಂಟಿಸಿಕೊಂಡ ನಕಲಿ ಶೂ. ಅಟ್ಟೆ ಹಲಗೆಯಷ್ಟು ಗಟ್ಟಿ. ಮೊಣಕೆಳಗಿನ ಮೂಳೆ ನೋವು ಹಿಡಿದು ಪರೀಕ್ಷೆಯ ಮುನ್ನವೇ ಓಟ ನಿಲ್ಲಿಸಿದವನಿಗೆ ತಪ್ಪುವುದು ಪದಕವಲ್ಲ, ಸಂಬಳ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗಳ ಮೇಲಿನ ಜಿಎಸ್‌ಟಿಯನ್ನು ಶೇ 5ಕ್ಕೆ ಇಳಿಸಿದ್ದು ಇವರಿಗೆ ನಿಜವಾಗಿ ಉಪಯುಕ್ತವಾದ ಕ್ರಮ. ಆ ಬೆಲೆಯೊಳಗೆ ನಮ್ಮ ಪಾದದ ಅಗಲಕ್ಕೆ ಹೊಂದುವ ಓಟದ ಶೂ ತಯಾರಿಸುವ ದೇಶೀ ಕಂಪನಿಗಳಿಗೆ ಗಿರಾಕಿಗಳ ಕೊರತೆಯಂತೂ ಇರದು.

ಇನ್ನು ಅವರಿಗಿಂತ ಕಿರಿಯರದು. 2015–16ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಶೂ ಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೋಡಿ ಕಪ್ಪು ಶೂ, ಎರಡು ಜೋಡಿ ಕಾಲುಚೀಲ ದೊರೆಯಿತು. ಅದು ಒಳ್ಳೆಯ ಯೋಜನೆ. ಶಾಲೆಯ ಸಾಲಿನಲ್ಲಿ ಬರಿಗಾಲ ಮಗು ಯಾವುದು ಎಂದು ಬೆರಳು ಮಾಡಿ ತೋರಿಸುವ ಸ್ಥಿತಿಯನ್ನು ಅದು ತೊಡೆಯಿತು. ಆದರೆ 2022–23ರಲ್ಲಿ ಒಂದರಿಂದ ಐದನೆಯ ತರಗತಿಯ ಮಗುವಿಗೆ ಮೀಸಲಿಟ್ಟದ್ದು 265 ರೂಪಾಯಿ. ಒಂಬತ್ತು, ಹತ್ತನೆಯ ತರಗತಿಗೆ 325. ಆ ದುಡ್ಡಿಗೆ ಬರುವುದು ಮೂತಿ ಚೂಪಾದ, ಬಾಗದ ಅಟ್ಟೆಯ, ಬೆರಳು ಮುಚ್ಚಿದ ಶೂ. ಅಂದರೆ ಮಣಿಪಾಲದ ವೈದ್ಯರು ಎಚ್ಚರಿಸಿದ ಬಗೆಯದೇ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಮಕ್ಕಳು ಅದನ್ನು ಕಳಚಿ ಮೈದಾನದಂಚಿನಲ್ಲಿ ಸಾಲಾಗಿಟ್ಟು ಬರಿಗಾಲಲ್ಲೇ ಓಡುವುದನ್ನು ನೋಡಿದವರಿಗೆ ಬೇರೆ ಪುರಾವೆ ಬೇಕಾಗದು.

ಖರೀದಿಯ ಹೊಣೆ ಆಯಾ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದಾದ್ದರಿಂದ ಎಲ್ಲಕ್ಕೂ ವಿಧಾನಸೌಧದ ಆದೇಶಕ್ಕೇ ಕಾಯಬೇಕೆಂದಿಲ್ಲ. ಜೂನ್‌ನಲ್ಲಿ ಒಂದು ದಿನ ಮಕ್ಕಳನ್ನು ಹಾಳೆಯ ಮೇಲೆ ನಿಲ್ಲಿಸಿ ಪಾದದ ಉದ್ದದ ಜೊತೆಗೆ ಅಗಲವನ್ನೂ ಗೆರೆ ಹಾಕಿಕೊಂಡು ಅಂಗಡಿಗೆ ಹೋದರೆ ಸಾಕು. ಚಿಕ್ಕ ತರಗತಿಗಳಿಗೆ ಮುಂಭಾಗ ತೆರೆದ, ಹಿಂದೆ ಪಟ್ಟಿಯಿರುವ ಸ್ಯಾಂಡಲ್, ಹೈಸ್ಕೂಲಿನವರಿಗೆ ಪಿ.ಟಿ. ಮೇಷ್ಟರು ಎರಡು ಕೈಯಲ್ಲಿ ಹಿಡಿದು ಬಾಗಿಸಿ ನೋಡಿ ಒಪ್ಪಿದ ಶೂ. ಸರ್ಕಾರ ಮಾಡಬೇಕಾದದ್ದು ಆ 265ನ್ನೂ 325ನ್ನೂ ತಿದ್ದುವುದು.