ಹಿಪ್ಪಲಿ ಬೇಕು, ಆದರೆ ಅಡಿಕೆ ಬುಡದಲ್ಲಿ ಬೇಡ

ನಮ್ಮ ಅಂಗಡಿಯಲ್ಲಿ ಬಾಣಂತಿ ಮದ್ದಿನ ಸಾಮಾನು ಕಟ್ಟುವಾಗ ಹಿಪ್ಪಲಿ ಹಾಕದೆ ಪೊಟ್ಟಣ ಮುಗಿಯುವುದಿಲ್ಲ. ಅದು ಬರುವುದು ಸಗಟು ವ್ಯಾಪಾರಿಯ ಚೀಲದಲ್ಲಿ. ಸ್ವಂತ ತೋಟ ಇರುವವರಿಗೂ ಉಪ್ಪ ಅದನ್ನೇ ತೂಗಿ ಕೊಡುತ್ತಾರೆ. ಹಾಗಾಗಿ ಅಡಿಕೆ ತೋಟದೊಳಗೆ ಔಷಧಿ ಗಿಡ ಹಾಕಿ ಅಂತ ಮಂಜೇಶ್ವರ, ಉಪ್ಪಳದ ಕಡೆ ಯಾರಾದರೂ ಹೇಳಿದರೆ ನನಗೆ ಖುಷಿಯೇ. ತಕರಾರು ಇರುವುದು ‘ಅಡಿಕೆ’ ಎಂಬ ಮಾತಿಗೆ ಮಾತ್ರ.

ಹಿಪ್ಪಲಿ ನೆರಳಿನ ಬಳ್ಳಿ, ಅಡಿಕೆಯಡಿ ಚೆನ್ನಾಗಿಯೇ ಹಬ್ಬುತ್ತದೆ. ಆದರೆ ಕೊಳೆರೋಗಕ್ಕೆ ನಾವು ಮಳೆಗೆ ಮುಂಚೆ ಒಮ್ಮೆ, ಮತ್ತೆ 40–45 ದಿನಕ್ಕೊಮ್ಮೆ ಮದ್ದು ಬಿಡುತ್ತೇವಲ್ಲ? ಮೈಲುತುತ್ತು, ಸುಣ್ಣದ ಆ ನೀರು ಗೊನೆಯಿಂದ ತೊಟ್ಟಿಕ್ಕಿ ಬೀಳುವುದು ಕೆಳಗಿನ ಬಳ್ಳಿಯ ಮೇಲೆ. ಬಾಣಂತಿಯ ಹೊಟ್ಟೆಗೆ ಹೋಗುವ ವಸ್ತುವಿಗೆ ತುತ್ತಿನ ಸ್ನಾನ ಯಾಕೆ? ಕೊಯ್ದ ಮೇಲೆ ತೊಳೆದರಾಯಿತು ಅನ್ನುವವರು ಹಿಪ್ಪಲಿಯ ತರಿತರಿ ಮೈಯನ್ನು ಒಮ್ಮೆ ಮುಟ್ಟಿ ನೋಡಲಿ.

ತೆಂಗಿನ ತೋಟದಲ್ಲಿ ಈ ರಗಳೆ ಕಡಿಮೆ. ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟ ತೆಂಗಿನ ಬೇರು ಹೆಚ್ಚಿನಂಶ ಬುಡದಿಂದ ಎರಡು ಮೀಟರ್ ಒಳಗೇ ಇರುತ್ತದೆ. ಲೆಕ್ಕ ಹಾಕಿದರೆ ನೆಲದ ಮುಕ್ಕಾಲು ಪಾಲು ಖಾಲಿ. (ಡಿಪ್ಲೊಮಾ ಓದಿದ್ದು ಇಂಥ ಲೆಕ್ಕಕ್ಕಾದರೂ ಬಂತು.) ಮರಕ್ಕೆ 25 ವರ್ಷ ದಾಟಿದ ಮೇಲೆ ಬೆಳಕೂ ಧಾರಾಳ. ಅಲ್ಲಿ ಹಿಪ್ಪಲಿ ಆಗುತ್ತದೆ, ಮಲಯಾಳದವರ ಕಚ್ಚೋಲವೂ ಆಗುತ್ತದೆ. ಕಚ್ಚೋಲವನ್ನು ಮೊದಲ ಮಳೆಗೆ ನೆಟ್ಟರೆ ಏಳು ತಿಂಗಳಿಗೆ ಗೆಡ್ಡೆ ಕೀಳಬಹುದು. ಹಿಪ್ಪಲಿಗೆ ಮಾತ್ರ ಬೇಸಿಗೆಯಲ್ಲಿ ನೀರು ಬೇಕೇ ಬೇಕು. ಬೋರ್‌ವೆಲ್ ಬತ್ತುವ ಜಾಗದವರು ಅದರ ತಂಟೆಗೆ ಹೋಗುವುದು ಬೇಡ.

ಗಲ್ಫಿನಿಂದ ಬಂದು ತೋಟಕ್ಕೆ ಕೈಹಾಕಿದ ನಮ್ಮ ಹುಡುಗರು ಮೊದಲು ಕೇಳುವುದು ಕಿಲೋಗೆ ಎಷ್ಟು ಅಂತ. ಆ ರೇಟು ಒಣ ಹಿಪ್ಪಲಿಯದ್ದು. 10 ಕಿಲೋ ಹಸಿ ಕಾಯಿ ಒಣಗಿದರೆ ಸಿಗುವುದು ಒಂದೂವರೆ ಕಿಲೋ ಆಸುಪಾಸು. ಕಾಯಿ ಹಣ್ಣಾಗುವ ಮೊದಲೇ ಕೊಯ್ದು ನಾಲ್ಕೈದು ದಿನ ಬಿಸಿಲಿಗೆ ಹಾಕಬೇಕು. ನಮ್ಮ ಜುಲೈಯಲ್ಲಿ ಯಾವ ಬಿಸಿಲು? ಡ್ರೈಯರ್ ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಒಬ್ಬೊಬ್ಬರೇ ಡ್ರೈಯರ್ ಕೊಳ್ಳುವುದು ದಂಡ, ನಾಲ್ಕು ಮನೆಯವರು ಸೇರಿದರೆ ಆದೀತು.

ಅಡಿಕೆಯಾದರೆ ಯಾವ ಪೇಟೆಗೆ ಹೋದರೂ ತೂಗಿಕೊಳ್ಳುವವರಿದ್ದಾರೆ. ಕಚ್ಚೋಲದ ಮೂಟೆ ಹೊತ್ತು ಬಂದರೆ ನಮ್ಮ ಉಪ್ಪನೇ ಎರಡು ಕಿಲೋ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಳಿಸಿಯಾರು. ಆದ್ದರಿಂದ ಬಳ್ಳಿ ತರುವ ಮೊದಲು ಕೊಳ್ಳುವವರ ಹತ್ತಿರ ಮಾತಾಡಿ: ಎಷ್ಟು ಒಣಗಿರಬೇಕು, ಕಡಿಮೆಯೆಂದರೆ ಎಷ್ಟು ಕಿಲೋ ಬೇಕು, ದುಡ್ಡು ಯಾವಾಗ ಕೊಡುತ್ತಾರೆ. ಗಿಡದ ವಿಷಯ ಕೇಳಲು ಕಾಸರಗೋಡಿನ ಕೂಡ್ಲಿನಲ್ಲಿ ಸಿಪಿಸಿಆರ್‌ಐ ಇದೆ, ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ.