ಥಂಡಿ ದಿನದಾಗ ಪಾರ್ಕಿಗೆ ಕೀಲಿ ಯಾಕ?

ಮೊನ್ನೆ ಭಾಂಡಿ, ಅರಬಿ ಎಲ್ಲಾ ಮುಗಿಸಿ, ಒಂದು ಡಬ್ಬಿ ಚೂಡಾ ತಗೊಂಡು, ಬಾಜೂ ಮನಿ ಅಕ್ಕಾರ ಜೋಡಿ ನಮ್ಮ ಬಡಾವಣಿ ಪಾರ್ಕಿಗೆ ಹೋದೆ. ಹೊತ್ತು ಮಧ್ಯಾಹ್ನ 12. ಒಳಗ ಬೆಂಚಿನ ಮ್ಯಾಲೆ ಚಲೋ ಎಳಿಬಿಸಲು ಬಿದ್ದಿತ್ತು, ಗೇಟಿಗೆ ಕೀಲಿ ಬಿದ್ದಿತ್ತು. ಮುಂಜಾನೆ 5ರಿಂದ 9, ಸಂಜಿಕ 4ರಿಂದ 7 ಅಂತ ಬೋರ್ಡು. ಅದರ ಕೆಳಗ ‘ತಿಂಡಿ ತಿನ್ನಬಾರದು’ ಅಂತ ಇನ್ನೊಂದು.

ಈ ಟೈಮ್ ಹಚ್ಚಿದವರು ಯಾರಂತ ಕೇಳೂದೇ ಬ್ಯಾಡ. ಮುಂಜಾನೆ 5ರಿಂದ 9ರ ತನಕ ಒಲಿ ಮುಂದ ನಿಂತು ಡಬ್ಬಿ ಕಟ್ಟೂ ಹೆಂಗಸು ಯಾಕಿನೂ ಇದನ್ನ ಹಚ್ಚಿರೂದಿಲ್ಲ. ಜನವರಿಯಾಗ ಆರೂವರಿ ಅನ್ನೂದ್ರಾಗ ಕತ್ತಲಿ, ಮ್ಯಾಲೆ ಸೊಳ್ಳಿ. ಮೊಣಕಾಲು ಹಿಡಕೊಂಡವರಿಗೆ ಬಿಸಲು ಬೇಕಾಗೂದು 11ರಿಂದ 4. ನಮಗ ಬಿಡುವು ಸಿಗೂದೂ ಅದೇ ಹೊತ್ತಿಗೆ. ಕೀಲಿನೂ ಅದೇ ಹೊತ್ತಿಗೆ!

‘ಪಾರ್ಕ್ ಇರೂದೇ ವಾಕಿಂಗಿಗೆ’ ಅಂತಾರ ಕಮಿಟಿಯವರು. ಯಾರು ಹೇಳ್ಯಾರ್ರಿ ಹಂಗಂತ? ಇದೇ ಬೆಂಗಳೂರಿನ ಲಾಲ್‌ಬಾಗ್ ನೋಡ್ರಿ. 1760ರಾಗ ಹೈದರ್ ಅಲಿ ಹಾಕಿಸಿದಾಗ ಅದು ಅರಸರ ತ್ವಾಟ. 1856ರಾಗ ಸರಕಾರದ ಸಸ್ಯತೋಟ ಆತು. ಕ್ಯಾಮರಾನ್ ಸಾಹೇಬ ನೋಡಿಕೊಳ್ಳೂ ಕಾಲಕ್ಕ, 1889ರ ನವೆಂಬರ್ 30ಕ್ಕ ಗಾಜಿನ ಮನಿಗೆ ಅಡಿಗಲ್ಲು ಹಾಕಿದ್ರು. ಯಾಕ? ಗಿಡ-ಹೂವಿನ ಪ್ರದರ್ಶನ ಇಡಾಕ, ಜನ ಬಂದು ನೋಡಾಕ. ಯಾರೋ ಬಿರಬಿರ ಹತ್ತು ಸುತ್ತು ಹಾಕ್ಲಿ ಅಂತಲ್ಲ.

ಇವತ್ತಿಗೂ ಅಲ್ಲೆ ವರ್ಷಕ್ಕ ಎರಡು ಸಲ ಹೂವಿನ ಪ್ರದರ್ಶನ ಆಗ್ತದ. ಆಗಸ್ಟ್ 15ರದ್ದು ಮಳಿಯಾಗ ಕೊಡಿ ಹಿಡಕೊಂಡು ನೋಡೂದು. ಜನವರಿ 26ರದ್ದು ಖರೇ ಖರೇ ಹಬ್ಬ. ಅತ್ತಿ, ಸೊಸಿ, ಮೊಮ್ಮಕ್ಕಳು ಎಲ್ಲಾ ಕೂಡಿ ಬರ್ತಾರ. ನೋಡಿ ದಣಿದ ಮ್ಯಾಲೆ ಆ ದೊಡ್ಡ ಬಂಡೆಗಲ್ಲಿನ ಮ್ಯಾಲೆ ಕಾಲು ಚಾಚಿ ಕೂಡ್ತಾರ. ಮುನ್ನೂರು ಕೋಟಿ ವರ್ಷದ ಕಲ್ಲಂತ ಅದು, ಬಿಸಲಿಗೆ ಕಾದು ಬೆಚ್ಚಗಿರ್ತದ. ಲಾಲ್‌ಬಾಗಿಗೆ ಟಿಕೆಟ್ ಅದ, ಒಪ್ಪಿದೆ. ಆದ್ರ ಮುಂಜಾನೆ 6ರಿಂದ ಸಂಜಿ 7ರ ತನಕ ಬಾಗಿಲಾ ತೆರದೇ ಇರ್ತದ. 240 ಎಕರೆ ತ್ವಾಟ ಕಾಯಾಕ ಬರ್ತದ, ನಮ್ಮ ನಾಕು ಬೆಂಚು ಕಾಯಾಕ ಬರೂದಿಲ್ಲೇನು?

ತಿನ್ನೂದರ ಮಾತಿಗೆ ಬರೋಣು. ಕಾರ್ತಿಕದ ಕಡೀ ಸೋಮವಾರ ಬಸವನಗುಡಿಯಾಗ ಕಡ್ಲೆಕಾಯಿ ಪರಿಷೆ. ಜನ ಶೇಂಗಾ ಕೊಂಡು ಬ್ಯೂಗಲ್ ರಾಕ್ ಪಾರ್ಕಿನ್ಯಾಗ ಕೂತು ಸುಲಿದು ತಿಂತಾರ. ನಮ್ಮ ಧಾರವಾಡ ಕಡೆ ಸಂಕ್ರಮಣ ಬಂತಂದ್ರ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗಿ ಬುತ್ತಿ ಕಟ್ಟಿಕೊಂಡು ಹೊಳಿ ದಂಡಿಗೋ ತ್ವಾಟಕ್ಕೋ ಹೋಗೂದು. ಥಂಡಿಯಾಗ ಬಿಸಲಿಗೆ ಕೂತು, ಕೂಡಿ ಉಣ್ಣೂದು ನಮ್ಮ ಹಿರಿಯಾರು ಹಾಕಿಕೊಟ್ಟ ರೂಢಿ. ಈಗ ಹೊಳಿ ದೂರ, ತ್ವಾಟ ಹೋಗಿ ಸೈಟ್ ಆಗ್ಯಾವ. ಉಳಿದದ್ದು ಇದೊಂದು ಪಾರ್ಕು.

‘ಕಸಾ ಒಗೀತಾರ’ ಅಂತಾರ. ಒಗೀತಾರ, ಸುಳ್ಳಲ್ಲ. ಅದಕ್ಕ ಡಬ್ಬಾ ಇಡ್ರಿ, ಒಗದವರಿಗೆ ಬೈರಿ. ‘ಕಾಲೇಜ್ ಹುಡುಗ-ಹುಡುಗಿ ಬಂದು ಕೂಡ್ತಾರ’ ಅಂತಾರ. ಬಾಜೂ ಬೆಂಚಿನ್ಯಾಗ ನಾವು ಐದಾರು ಮಂದಿ ಸ್ವೆಟರ್ ಹೆಣಕೋತ ಕೂತ್ರ ಅಲ್ಲೆ ಯಾರಿಗೂ ಅಂಜಿಕಿ ಇರೂದಿಲ್ಲ. ಖಾಲಿ ಜಾಗಾಕ್ಕೇ ಕೆಟ್ಟ ಹೆಸರು ಬರೂದು. ‘ವಾಚ್‌ಮನ್ ಊಟಕ್ಕ ಹೋಗ್ತಾನ’ ಅಂತಾರ. ಪಾಪ, ಹೋಗ್ಲಿ. ಅಲ್ಲೀತನಕ ಕೀಲಿ ನಮ್ಮ ಕಡೆ ಕೊಡ್ರಿ. ಮೂವತ್ತು ವರ್ಷದಿಂದ ಮನಿ ಕೀಲಿ ಸಂಭಾಳಿಸೇವಿ, ಇದೇನು ದೊಡ್ಡದಲ್ಲ.

ಈ ಐತವಾರ ಕಮಿಟಿ ಮೀಟಿಂಗ್ ಅದ. ಪ್ರತಿ ಸಲ ಗಂಡಸರೇ ಹೋಗಿ ಚಾ ಕುಡದು ಬರ್ತಾರ. ಈ ಸಲ ನಾವು ಹೋಗೋಣು. ದೀಪಾವಳಿಯಿಂದ ಶಿವರಾತ್ರಿ ತನಕ ಮಧ್ಯಾಹ್ನ ಗೇಟ್ ತೆರದಿರಬೇಕು. ಇಷ್ಟೇ ಕೇಳೂದು. ವೈನೀ, ‘ನನಗ್ಯಾಕ ಬೇಕು ಉಸಾಬರಿ’ ಅನಬ್ಯಾಡ್ರಿ. ಮೊಣಕಾಲು ನಿಮ್ಮವೂ ನೋಯ್ತಾವ. ಬರ್ರಿ, ಚೂಡಾ ನಾ ತರ್ತೇನಿ.