ಎದೆ ಉರಿಯೋ, ಎದೆ ನೋವೋ? ಮೊಬೈಲಿಗೆ ನಿಮ್ಮ ಮುಖ ಕಾಣುವುದಿಲ್ಲ



ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಬಂದರೆ ಕಂಪ್ಯೂಟರ್, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳ ಸಾಲು. ಅಲ್ಲಿಂದ ಮುಂಬಯಿ ಸೆಂಟ್ರಲ್ ಕಡೆ ಹೋದರೆ ನಾಯರ್ ಆಸ್ಪತ್ರೆ, ಬೈಕುಲಾದತ್ತ ಹೋದರೆ ಜೆ.ಜೆ. ಆಸ್ಪತ್ರೆ. ಗ್ರಾಂಟ್ ರೋಡಿಗೆ ಹೆಸರು ಕೊಟ್ಟ ಗವರ್ನರ್ ರಾಬರ್ಟ್ ಗ್ರಾಂಟ್ ಅವರ ಹೆಸರೇ ಜೆ.ಜೆ.ಯ ಜೊತೆಗಿರುವ, 1845ರಲ್ಲಿ ಶುರುವಾದ ಮೆಡಿಕಲ್ ಕಾಲೇಜಿಗೂ ಇದೆ. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಡಾಕ್ಟರುಗಳಿದ್ದರೂ ಮೈಗೆ ಏನಾದರೂ ಆದಾಗ ನಾವು ಮೊದಲು ಕೇಳುವುದು ಯಾರನ್ನು? ಕೈಯಲ್ಲಿರುವ ಮೊಬೈಲನ್ನು.

ಹಾಗೆ ಕೇಳುವವರನ್ನು ಹೀಯಾಳಿಸುವುದು ಸುಲಭ, ಆದರೆ ಸರಿಯಲ್ಲ. ಹೋಟೆಲಿನ ಶಟರ್ ಇಳಿಯುವಾಗ ಮಧ್ಯರಾತ್ರಿ. ಆಮೇಲೆ ಊಟ, ಕೂಡಲೇ ನಿದ್ದೆ. ಹೆಂಡತಿ ಮಕ್ಕಳು ಊರಿನಲ್ಲಿ. ಪಕ್ಕದಲ್ಲಿ ಮಲಗಿದವರು ಬೆಳಿಗ್ಗೆ ಐದಕ್ಕೆ ಏಳಬೇಕಾದವರು, ಎಬ್ಬಿಸಲು ಸಂಕೋಚ. ಆ ಹೊತ್ತಿಗೆ ಎದೆಯಲ್ಲಿ ಏನೋ ಆದರೆ ಕೇಳಲು ಇರುವುದು ಅದೊಂದೇ. ಊರಿನಲ್ಲಾಗಿದ್ದರೆ ಅಜ್ಜಿ ಒಂದು ಲೋಟ ಬಿಸಿನೀರು ಕೊಟ್ಟು "ಉಂಡ ಕೂಡಲೇ ಮಲಗಿದ್ದಕ್ಕೆ ಹೀಗಾಯಿತು" ಎಂದು ಬೈಯುತ್ತಿದ್ದರು. ಬಿಸಿನೀರು ದೊಡ್ಡ ಔಷಧವೇನಲ್ಲ. ಆದರೆ ಬೈಯುವ ಮೊದಲು ಅವರು ನಿಮ್ಮ ಮುಖ ನೋಡುತ್ತಿದ್ದರು, ಬೆವರಿದೆಯೇ ಎಂದು ಹಣೆ ಮುಟ್ಟುತ್ತಿದ್ದರು. ಡಾಕ್ಟರ್ ಮಾಡುವುದೂ ಮೊದಲು ಅದನ್ನೇ.

ಮೊಬೈಲಿನ ಕೊರತೆ ಇರುವುದು ಇಲ್ಲಿ. ಅದರಲ್ಲಿರುವ ಮಾಹಿತಿ ಸುಳ್ಳೆಂದೇನೂ ಅಲ್ಲ, ಬಹಳಷ್ಟು ನಿಜವೇ. ಆದರೆ ಅದು ನಿಮ್ಮ ಬಗ್ಗೆ ಅಲ್ಲ. ನಿಮ್ಮ ವಯಸ್ಸು, ಬಿಪಿ, ಬೀಡಿ ಸಿಗರೇಟಿನ ಅಭ್ಯಾಸ, ನಿನ್ನೆ ಎತ್ತಿದ ಅಕ್ಕಿ ಮೂಟೆ ಯಾವುದೂ ಅದಕ್ಕೆ ಗೊತ್ತಿಲ್ಲ. ಈಗ ಬಂದಿರುವ ಎಐ ಆ್ಯಪುಗಳು ಒಂದೆರಡು ಪ್ರಶ್ನೆ ಕೇಳುತ್ತವೆ, ನಿಜ. ನಾಡಿ ಹಿಡಿದು ನೋಡಲಾರವು.

2008ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧಕರಾದ ರೈಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ ಜನ ಕಾಯಿಲೆಗಳ ಬಗ್ಗೆ ಹುಡುಕುವ ರೀತಿಯನ್ನು ಅಧ್ಯಯನ ಮಾಡಿದರು. ತಲೆನೋವು ಎಂದು ಹುಡುಕಿದಾಗ ಕಾಫಿ ತಪ್ಪಿದ್ದರಿಂದ ಬರುವ ತಲೆನೋವಿನ ಮಾಹಿತಿ ಎಷ್ಟು ಸಿಗುತ್ತದೋ, ಮೆದುಳಿನ ಗೆಡ್ಡೆಯ ಮಾಹಿತಿಯೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತಿತ್ತು! ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿ ತಪ್ಪಿ ತಲೆ ಸಿಡಿಯುವವರು ಎಷ್ಟು ಮಂದಿ, ಮೆದುಳಿನ ಗೆಡ್ಡೆ ಆದವರು ಎಷ್ಟು ಮಂದಿ, ನೀವೇ ಲೆಕ್ಕ ಹಾಕಿ. ಅಪರೂಪದ ರೋಗ ಮತ್ತು ದಿನನಿತ್ಯದ ತೊಂದರೆ ಎರಡೂ ಪರದೆಯ ಮೇಲೆ ಒಂದೇ ಗಾತ್ರದಲ್ಲಿ ಕಾಣುತ್ತವೆ.

ಮುಂದಿನದು ಇನ್ನೂ ಕೆಟ್ಟದ್ದು. ಓದಿ ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದೆಯೇ ಉಸಿರಾಟ ಜೋರಾಗುತ್ತದೆ. ಹಾಗೆ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳ ತುದಿ, ತುಟಿಯ ಸುತ್ತ ಜೋಮು ಹಿಡಿಯುತ್ತದೆ, ತಲೆ ಹಗುರಾಗುತ್ತದೆ, ಎದೆ ಬಿಗಿಯುತ್ತದೆ. ಈಗ ನೀವು "ಕೈ ಜೋಮು, ಎದೆ ಬಿಗಿತ" ಎಂದು ಹುಡುಕುತ್ತೀರಿ. ಬರುವ ಉತ್ತರ ಮೊದಲಿನದಕ್ಕಿಂತ ಭಯಂಕರ. ಈ ಲಕ್ಷಣಗಳು ಕಲ್ಪನೆಯಲ್ಲ, ನಿಜವಾಗಿಯೂ ಆಗುತ್ತವೆ. "ಎಲ್ಲ ನಿನ್ನ ಭ್ರಮೆ" ಎಂದು ಗೆಳೆಯರು ನಕ್ಕರೆ ಯಾರಿಗೂ ಸಮಾಧಾನವಾಗದಿರುವುದು ಅದಕ್ಕೇ.

ಮೊಬೈಲಿನಿಂದ ಮೊಬೈಲಿಗೆ ಹಬ್ಬುವ ಭಯ ಇಡೀ ಜಿಲ್ಲೆಯನ್ನೇ ಹಿಡಿದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನದಲ್ಲಿ ಕಂಡೆವು. ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಮೇಲೊಂದು ಬಂದವು, ಫಾರ್ವರ್ಡುಗಳಿಗಂತೂ ಲೆಕ್ಕವಿಲ್ಲ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಯಾವ ತೊಂದರೆಯೂ ಇಲ್ಲದವರು ಇಸಿಜಿಗೆ ಸಾಲು ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. 4 ಸಾವುಗಳಿಗೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಹೃದಯಾಘಾತ ಅಸಹಜವಾಗಿ ಹೆಚ್ಚಿದೆ ಎನ್ನಲು ಆಧಾರ ಸಿಗಲಿಲ್ಲ. ಸತ್ತವರ ಮನೆಯವರ ದುಃಖ ಇದರಿಂದ ಕಡಿಮೆಯಾಗುವುದಿಲ್ಲ, ಬಿಪಿ, ಶುಗರ್, ಸಿಗರೇಟಿನ ಅಪಾಯ ಸುಳ್ಳೂ ಆಗುವುದಿಲ್ಲ. ಆದರೆ ಅಂಥ ಸಾಲಿನಲ್ಲಿ ನಿಜವಾಗಿ ಹೃದಯ ಹಿಂಡುತ್ತಿರುವವನೂ ನಿಂತಿರುತ್ತಾನೆ, ಮುಂದೆ ನೂರು ಜನ ಆರೋಗ್ಯವಂತರು.

ಹುಡುಕಾಟದಿಂದ ಭಯ ಬರುವುದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯವರು. ಅವರು ಹುಡುಕುವುದೇ ಸಮಾಧಾನಕ್ಕೆ. ಹತ್ತು ಉತ್ತರಗಳಲ್ಲಿ "ಗ್ಯಾಸ್" ಎಂದು ಬರೆದ ಒಂದನ್ನು ಆರಿಸಿಕೊಂಡು, ಸೋಡಾ ಕುಡಿದು ಮಲಗುತ್ತಾರೆ. ನಾಳೆ ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂಬ ಲೆಕ್ಕವೂ ಆ ಆಯ್ಕೆಯ ಹಿಂದೆ ಇರುತ್ತದೆ. ಹೃದಯಾಘಾತದಲ್ಲಿ ಮೊದಲ ಒಂದೆರಡು ಗಂಟೆಯೇ ಮುಖ್ಯ. ಅದನ್ನು ಪರದೆ ಉಜ್ಜುತ್ತಾ ಕಳೆದರೆ ಮತ್ತೆ ಸಿಗುವುದಿಲ್ಲ.

ಇನ್ನೊಂದು ಮಾತು, ಪರಊರಿನಲ್ಲಿರುವ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಕನ್ನಡದಲ್ಲಿ ನೋವಿಗೆ ಎಷ್ಟು ಮಾತುಗಳಿವೆ! ಉರಿ, ಚುಚ್ಚು, ಸೆಳೆತ, ಹಿಂಡುವುದು, ಬಿಗಿತ, ಭಾರ. ಇವೆಲ್ಲ ಬರಿಯ ಮಾತುಗಳಲ್ಲ, ಡಾಕ್ಟರಿಗೆ ಅರ್ಧ ದಾರಿ ತೋರಿಸುವ ಗುರುತುಗಳು. ಊಟದ ನಂತರ ಉರಿದು ಮಲಗಿದಾಗ ಹೆಚ್ಚಾಗುವುದು ಸಾಮಾನ್ಯವಾಗಿ ಆಸಿಡಿಟಿ. ಒಂದೇ ಬೆರಳಿಟ್ಟು ತೋರಿಸಬಹುದಾದ, ಮೈ ತಿರುಗಿಸಿದಾಗ ಚುಚ್ಚುವ ನೋವು ಹೆಚ್ಚಾಗಿ ಸ್ನಾಯುವಿನದು. ಮೆಟ್ಟಿಲು ಹತ್ತಿದಾಗ ಕಲ್ಲು ಹೇರಿದಂತೆ ಭಾರವಾಗಿ, ಎಡಗೈಗೋ ದವಡೆಗೋ ಹರಿದು, ತಣ್ಣಗೆ ಬೆವರಿದರೆ ಅದು ಹೃದಯದ ಸೂಚನೆ. ಆದರೆ ನಾವು ಮೊಬೈಲಿನಲ್ಲಿ "ಚೆಸ್ಟ್ ಪೇನ್" ಎಂದು ಬರೆಯುತ್ತೇವೆ, ಡಾಕ್ಟರ ಮುಂದೆ ಹಿಂದಿಯಲ್ಲಿ "ಛಾತಿ ಮೇ ದರ್ದ್" ಎಂದು ಮುಗಿಸುತ್ತೇವೆ. ಹಾಗಂತ ಇದನ್ನು ಓದಿ ನೀವೇ ತೀರ್ಮಾನಕ್ಕೆ ಬರಬೇಡಿ. ಹೃದಯಾಘಾತ ಕೆಲವರಿಗೆ ಬರಿಯ ಉರಿಯಂತೆಯೇ ಕಾಣಿಸಿಕೊಳ್ಳುತ್ತದೆ. ಶುಗರ್ ಇದ್ದವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಏದುಸಿರು, ಸುಸ್ತು ಮಾತ್ರ ಬರಬಹುದು.

ಎದೆ ಭಾರ ಮತ್ತು ಬೆವರು, ಹಠಾತ್ತನೆ ಬಾಯಿ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಹುಡುಕಲೇಬೇಡಿ. ಪಕ್ಕದವರನ್ನು ಎಬ್ಬಿಸಿ, 108ಕ್ಕೆ ಫೋನ್ ಮಾಡಿಸಿ. ಹಾಗೇನೂ ಇಲ್ಲದೆ, ಡಾಕ್ಟರ್ ನೋಡಿ ಏನೂ ಇಲ್ಲ ಎಂದ ಮೇಲೂ ರಾತ್ರಿಯೆಲ್ಲ ಹುಡುಕುವುದು ನಿಲ್ಲದಿದ್ದರೆ ಆ ಆತಂಕಕ್ಕೂ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಉಳಿದ ತೊಂದರೆಗಳಿಗೆ ಬೆಳಿಗ್ಗೆ ಓಪಿಡಿಗೆ ಹೋಗಿ. ನೋವು ಯಾವಾಗ ಶುರುವಾಯಿತು, ಏನು ಮಾಡಿದರೆ ಹೆಚ್ಚಾಗುತ್ತದೆ, ಏನು ಮಾಡಿದರೆ ಕಡಿಮೆಯಾಗುತ್ತದೆ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ನುಂಗುವ ಮಾತ್ರೆಗಳ ಪಟ್ಟಿ, ಹಳೆಯ ರಿಪೋರ್ಟು ಚೀಲದಲ್ಲಿರಲಿ. ಹಿಂದಿ, ಮರಾಠಿ ಚೆನ್ನಾಗಿ ಬಲ್ಲ ಜೊತೆಗಾರನೊಬ್ಬನನ್ನು ಒಂದು ತಾಸಿನ ಮಟ್ಟಿಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.